ಎಡತುದಿಯಿಂದ ಕಟ್ಟಿದ ಕಡ್ಡಿ

ಐದು ವರ್ಷದವಳಿದ್ದಾಗ ನನಗೆ ನಮ್ಮ ಮನೆಯವರ ಮುಖ ಒಂದೂ ಗೊತ್ತಿರಲಿಲ್ಲ. ಕಾಲು ಮಾತ್ರ ಎಲ್ಲರದೂ ಗೊತ್ತಿತ್ತು. ಅಪ್ಪನ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗೆ ಸತ್ತುಹೋಗಿತ್ತು. ಅಜ್ಜಿಯ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಅವ್ವನ ಎಡಪಾದದ ಮೇಲೆ, ಕಿರುಬೆರಳಿನಿಂದ ಸ್ವಲ್ಪ ಹಿಂದಕ್ಕೆ, ಸೌದೆ ಬಿದ್ದು ಆದ ಗಾಯದ ಕಲೆ ಇತ್ತು. ಹುಣಸೆಬೀಜದಷ್ಟೇ ಗಾತ್ರ, ಅದೇ ಹೊಳಪು. ನಾನು ಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದೆ. ನೋಡಿದವರು ಎಷ್ಟು ನಾಚಿಕೆಯ ಹುಡುಗಿ ಎಂದು ಹೊಗಳುತ್ತಿದ್ದರು. ನಾಚಿಕೆಯೂ ಇಲ್ಲ ಮಣ್ಣೂ ಇಲ್ಲ, ಯಾರು ಬಂದರೆಂದು ನೋಡಿಕೊಳ್ಳುತ್ತಿದ್ದೆ ಅಷ್ಟೆ.

ಮುಖ ಕಾಣುವುದಿಲ್ಲವೆಂದಲ್ಲ. ಕಣ್ಣು, ಮೂಗು, ಮೂಗುಬೊಟ್ಟು, ಹಣೆಯ ಕುಂಕುಮ ಎಲ್ಲವೂ ಕಾಣುತ್ತದೆ. ಆದರೆ ಆ ಮುಖ ಆಚೆ ತಿರುಗಿ ಮತ್ತೆ ಈಚೆ ತಿರುಗುವಷ್ಟರಲ್ಲಿ ನನ್ನ ಪಾಲಿಗೆ ಹೊಸದಾಗಿರುತ್ತದೆ. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ದೋಷವೂ ಅಲ್ಲ, ಮಿದುಳಿನಲ್ಲಿ ಮುಖಗಳನ್ನು ಎತ್ತಿಡುವ ಜಾಗ ಹುಟ್ಟಿನಿಂದಲೇ ಸರಿಯಿಲ್ಲ ಎಂದು ಮೈಸೂರಿನ ಡಾಕ್ಟರೊಬ್ಬರು ಹೇಳಿದಾಗ ನನಗೆ ಐವತ್ತು ದಾಟಿತ್ತು. ಅವರು ಒಂದು ಉದ್ದನೆಯ ಹೆಸರನ್ನೂ ಹೇಳಿದರು. ಚೀಟಿಯಲ್ಲಿ ಬರೆಸಿಕೊಂಡು ಬಂದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಅದಕ್ಕೆ ಮೊದಲೇ ಒಂದು ಚಿಕ್ಕ ಹೆಸರಿತ್ತು. ರತ್ನಿಗೆ ಮಂಕು ಎನ್ನುತ್ತಿದ್ದರು.

ನಮ್ಮದು ಹೊಲದ ಮನೆ. ಪಿರಿಯಾಪಟ್ಟಣದಿಂದ ಬೈಲಕುಪ್ಪೆಯ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆಯಬೇಕು. ಊರಿಗೂ ನಮಗೂ ಒಂದು ಮೈಲಿ. ಜಗುಲಿ, ನಡುಮನೆ, ಅಡುಗೆಮನೆ, ಹಿಂದೆ ಕೊಟ್ಟಿಗೆ, ಇಪ್ಪತ್ತು ಹೆಜ್ಜೆ ಆಚೆ ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಎತ್ತರದ ಮಣ್ಣುಗೋಡೆಯ ಕಟ್ಟಡಕ್ಕೆ ನಮ್ಮ ಕಡೆ ಎಲ್ಲರೂ ಬ್ಯಾರನ್ ಎಂದೇ ಅನ್ನುವುದು. ಮನೆಗಿಂತ ಅದು ದೊಡ್ಡದು, ಮನೆಯವರಿಗಿಂತ ಅದಕ್ಕೇ ಹೆಚ್ಚು ಉಪಚಾರ. ಮಳೆಗಾಲದಲ್ಲಿ ಬೆಳಿಗ್ಗೆ ಮುರಿದು ತಂದ ಹಸಿ ಸೊಪ್ಪನ್ನು ಜಗುಲಿಯ ಮೇಲೆ ಗುಡ್ಡೆ ಹಾಕುತ್ತಿದ್ದರು. ಹೆಂಗಸರು ಸಾಲಾಗಿ ಕೂತು, ಮಾರುದ್ದದ ಕಡ್ಡಿಗೆ ಆ ಕಡೆ ಎರಡು ಈ ಕಡೆ ಎರಡು ಎಲೆ ಇಟ್ಟು, ದಾರ ಸುತ್ತಿ ಗಂಟು ಬಿಗಿಯುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವರು. ಇದಕ್ಕೆ ಕಡ್ಡಿ ಕಟ್ಟುವುದು ಅನ್ನುತ್ತಾರೆ. ಕಟ್ಟಿದ ಕಡ್ಡಿಗಳನ್ನು ಅಪ್ಪ ಬ್ಯಾರನ್ನಿನ ಒಳಗೆ ಹತ್ತಿ ಮೇಲಿನಿಂದ ಕೆಳಗಿನವರೆಗೆ ತೂಗುಹಾಕುತ್ತಿದ್ದ. ಎಲೆ ಎತ್ತಿ ಕೊಡುವುದು ಮಕ್ಕಳ ಕೆಲಸ. ನಾನು ಅವ್ವನಿಗೆ ಕೊಡುತ್ತಿದ್ದೆ. ಎಲ್ಲರೂ ಬಲತುದಿಯಿಂದ ಶುರುಮಾಡಿದರೆ ಅವ್ವ ಎಡತುದಿಯಿಂದ ಶುರುಮಾಡುತ್ತಿದ್ದಳು, ಏಕೆಂದರೆ ಅವ್ವ ಎಡಚಿ. ಅವಳ ಗಂಟು ಉಳಿದವರ ಗಂಟಿಗಿಂತ ತಿರುಗುಮುರುಗಾಗಿ ಬೀಳುತ್ತಿತ್ತು. ಜಗುಲಿಯಲ್ಲಿ ಎಂಟು ಹೆಂಗಸರು ಕೂತಿದ್ದರೂ ನನಗೆ ತೊಂದರೆಯಿರಲಿಲ್ಲ. ಎಡಗೈ ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂತರೆ ಅದು ಅವ್ವ.

ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಈ ಎಡಗೈ ಆಗುತ್ತಲೇ ಇರಲಿಲ್ಲ. ಎಡಗೈಲಿ ಬಡಿಸಿದರೆ ಅನ್ನ ಹರಸುವುದಿಲ್ಲ, ಎಡಗೈಲಿ ದೀಪ ಹಚ್ಚಿದರೆ ಮನೆ ಏಳಿಗೆಯಾಗುವುದಿಲ್ಲ ಎಂದು ದಿನವೂ ಒಂದು ಹೊಸ ಶಾಸ್ತ್ರ ತೆಗೆಯುವಳು. ಒಂದು ಸಲ ಸಾರು ಬಡಿಸುತ್ತಿದ್ದ ಅವ್ವನ ಎಡಗೈ ಮೇಲೆ ಸೌಟಿನಿಂದಲೇ ಹೊಡೆದಿದ್ದನ್ನು ನಾನು ಕಂಡಿದ್ದೇನೆ. ಅವ್ವ ಸೌಟನ್ನು ಬಲಗೈಗೆ ದಾಟಿಸಿ, ಅಜ್ಜಿ ಆ ಕಡೆ ತಿರುಗಿದ ಕೂಡಲೇ ಮತ್ತೆ ಎಡಗೈಗೆ ತಂದುಕೊಂಡು, ನನ್ನ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಹೆಚ್ಚಾಗಿ ಬಿಟ್ಟಳು. ಈ ಸೌಟಿನ ಏಟನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ನನ್ನ ಮಂಕು ಎಲ್ಲರಿಗೂ ತಿಳಿದದ್ದು ಪಿರಿಯಾಪಟ್ಟಣದ ಸಂತೆಯಲ್ಲಿ. ಅವ್ವ ಹಸಿರು ಸೀರೆ ಉಟ್ಟಿದ್ದಳು. ಮೆಣಸಿನಕಾಯಿ ರಾಶಿಯ ಹತ್ತಿರ ಕೈ ತಪ್ಪಿತು. ನಾನು ಇನ್ನೊಂದು ಹಸಿರು ಸೀರೆಯ ಸೆರಗು ಹಿಡಿದು, ಆ ಹೆಂಗಸಿನ ಹಿಂದೆ ಬಸ್ಸಿನವರೆಗೂ ಹೋಗಿಬಿಟ್ಟಿದ್ದೆ. ಅವಳ ಮುಖವನ್ನು ನೋಡಿಯೂ ನೋಡಿದ್ದೆ, ನಕ್ಕೂ ನಕ್ಕಿದ್ದೆ. ಅಪ್ಪ ಓಡಿ ಬಂದು ಎತ್ತಿಕೊಂಡ. ಅಂದಿನಿಂದ ನನ್ನ ವಿಷಯ ನಗೆಯ ವಿಷಯವಾಯಿತು. ಬಂದವರ ಮುಂದೆ ನನ್ನನ್ನು ನಿಲ್ಲಿಸಿ ಇವರು ಯಾರು ಹೇಳಮ್ಮಿ ಎಂದು ಕೇಳುವುದು, ನಾನು ಕಾಲು ನೋಡುವುದು, ಎಲ್ಲರೂ ನಗುವುದು. ಅವ್ವ ಮಾತ್ರ ನಗುತ್ತಿರಲಿಲ್ಲ. ಅವಳು ನನ್ನ ಹಿಂದೆ ಬಂದು ನಿಂತು, ಹೆಗಲ ಮೇಲೆ ಎಡಗೈ ಇಟ್ಟು, ಬಂದವರ ಹೆಸರನ್ನು ಮೆಲ್ಲಗೆ ಹೇಳಿಕೊಡುತ್ತಿದ್ದಳು.

ಮನೆಗೆ ಬರುವವರಲ್ಲಿ ನನಗೆ ಸುಲಭವಾಗಿ ಗುರುತು ಸಿಗುತ್ತಿದ್ದವಳು ಡೋಲ್ಮಾ. ಬೈಲಕುಪ್ಪೆಯ ಟಿಬೆಟಿನ ಕ್ಯಾಂಪಿನಿಂದ ಬೆಣ್ಣೆ ಕೊಳ್ಳಲು ಬರುತ್ತಿದ್ದಳು. ಸೊಂಟಕ್ಕೆ ಬಣ್ಣಬಣ್ಣದ ಪಟ್ಟೆಯ ಬಟ್ಟೆ ಕಟ್ಟಿಕೊಂಡಿರುತ್ತಿದ್ದಳು, ದೂರದಿಂದಲೇ ಕಾಣುವುದು. ಅವಳು ಹೋದ ಮೇಲೆ ಅಜ್ಜಿ ಪ್ರತಿ ಸಲವೂ ಅದೇ ಮಾತು ಹೇಳುವಳು. ಅವರದೆಲ್ಲ ಒಂದೇ ಅಚ್ಚು, ಬಂದವಳು ಇವಳೋ ಇನ್ನೊಬ್ಬಳೋ ಯಾರಿಗೆ ಗೊತ್ತು ಎಂದು. ನಮ್ಮೂರಲ್ಲಿ ಎಲ್ಲರೂ ಹಾಗೇ ಆಡಿಕೊಳ್ಳುತ್ತಿದ್ದರು. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ನನ್ನ ಪಾಲಿಗೆ ಅಜ್ಜಿಯೂ ಸೇರಿ ಇಡೀ ತಾಲ್ಲೂಕಿನದೇ ಒಂದು ಅಚ್ಚು.

ಯುಗಾದಿಯ ಹೊತ್ತಿಗೆ ಶುರುವಾದ ಅವ್ವನ ಜ್ವರ ಹೊಗೆಸೊಪ್ಪಿನ ಸಸಿ ನೆಡುವ ಹೊತ್ತಿಗೂ ಬಿಡಲಿಲ್ಲ. ಕರೆಯುವ ಹಸುವನ್ನು ಮಾರಿ ಅಪ್ಪ ಅವಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ. ಮಕ್ಕಳನ್ನು ಒಳಗೆ ಬಿಡುವುದಿಲ್ಲವೆಂದು ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು. ಹೊಸ್ತಿಲು ದಾಟಿದ ಕಲೆಯಿದ್ದ ಪಾದ ನನಗೆ ನೆನಪಿದೆ. ಕೊನೆಯ ಸಲ ಎಂದು ಆಗ ಗೊತ್ತಿರಲಿಲ್ಲ, ಇಲ್ಲವಾದರೆ ಇನ್ನಷ್ಟು ಹೊತ್ತು ನೋಡುತ್ತಿದ್ದೆ.

ಸೊಪ್ಪು ಮುರಿಯುವುದು ಶುರುವಾದ ಮೇಲೆ ಒಂದು ಮಧ್ಯಾಹ್ನ, ತಲೆಗೂದಲಿಲ್ಲದ, ಮೀಸೆಯಿಲ್ಲದ ಗಂಡಸೊಬ್ಬ ನಮ್ಮ ಮನೆಯೊಳಕ್ಕೆ ನೇರ ಬಂದ. ಮಳೆ ಹಿಡಿದಿತ್ತು, ಅವನ ಕಾಲು ಗಿಣ್ಣಿನವರೆಗೂ ಕೆಸರಾಗಿತ್ತು. ನನ್ನನ್ನು ನೋಡಿ ಎರಡು ಕೈ ಚಾಚಿದ. ನಾನು ಕಿರುಚಿಕೊಂಡು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅವಿತುಕೊಂಡೆ. ಅವನು ನಡುಮನೆಯಲ್ಲಿ ಕುಸಿದು ಕೂತು ಅತ್ತ. ದನಿ ಕೇಳಿದ ಮೇಲೆ ಅದು ಅಪ್ಪ ಎಂದು ತಿಳಿಯಿತು. ಅವ್ವನಿಗೆ ವಾಸಿಯಾಗಲಿ ಎಂದು ಹರಕೆಗೆ ಮುಡಿ ಕೊಟ್ಟಿದ್ದಾನೆ, ಅವಳು ಇಷ್ಟರಲ್ಲೇ ಬರುತ್ತಾಳೆ ಎಂದು ಅಜ್ಜಿ ಹೇಳಿದಳು. ನಾನು ನಂಬಿದೆ. ಅವ್ವನನ್ನು ಎಚ್.ಡಿ. ಕೋಟೆ ಕಡೆಯ ಅವಳ ತವರೂರಿನಲ್ಲಿ ಮಣ್ಣು ಮಾಡಿ, ಗಂಡುಮಕ್ಕಳಿಲ್ಲದ್ದರಿಂದ ತಾನೇ ಕರ್ಮ ಮಾಡಿ, ತಲೆ ಬೋಳಿಸಿಕೊಂಡು ಬಂದ ಅಪ್ಪ ಅಂದು ನನ್ನ ಮುಂದೆ ಕೂತಿದ್ದ. ಇದು ನನಗೆ ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ನಾನು ಅನ್ನ ಬಿಟ್ಟಿದ್ದೆನಂತೆ. ಅವ್ವ ಬರಲಿ ಎಂದು ಹಟ ಹಿಡಿದು ಜ್ವರ ಬರಿಸಿಕೊಂಡಿದ್ದೆನಂತೆ. ಇದನ್ನು ಆಮೇಲೆ ನನಗೆ ಹಲವು ಸಲ ಹೇಳಿದ್ದಾರೆ, ತಾವು ಮಾಡಿದ್ದಕ್ಕೆ ಸಾಕ್ಷಿ ಒದಗಿಸುವ ಹಾಗೆ. ಅಕ್ಕ ಸತ್ತರೆ ಅವಳ ತಂಗಿಯನ್ನು ಅದೇ ಮನೆಗೆ ಕೊಡುವುದು ನಮ್ಮವರಲ್ಲಿ ಹೊಸದೇನಲ್ಲ. ತಾಯಿಯಿಲ್ಲದ ಮಗು, ಬೇಯಿಸಬೇಕಾದ ಸೊಪ್ಪು, ಎರಡೂ ಕಾಯುವುದಿಲ್ಲ. ಅವ್ವನ ತಂಗಿ ಸರೋಜಳಿಗೆ ಹದಿನೆಂಟು. ಗುಡಿಯೊಂದರ ಮುಂದೆ ತಾಳಿ ಕಟ್ಟಿಸಿದರು. ಇಷ್ಟೇ ಆಗಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ, ಇಂಥ ಚಿಕ್ಕವ್ವಂದಿರು ಹತ್ತು ಮನೆಯಲ್ಲಿದ್ದರು. ಆದರೆ ನಮ್ಮ ಅಜ್ಜಿಗೆ ಇನ್ನೊಂದು ಹೊಳೆಯಿತು. ಈ ಹುಡುಗಿಗೆ ಗುರುತೇ ಸಿಗುವುದಿಲ್ಲವಲ್ಲ, ಸತ್ತಳು ಎಂದು ಯಾಕೆ ಹೇಳಬೇಕು?

“ನಿಮ್ಮವ್ವ ಬಂದವ್ಳೆ, ಬಾ ಅಮ್ಮಿ,” ಎಂದು ಅಜ್ಜಿ ಒಂದು ಬೆಳಿಗ್ಗೆ ನನ್ನನ್ನು ಜಗುಲಿಗೆ ಕರೆದಳು. ಅವ್ವನ ಹಸಿರು ಸೀರೆ, ಅವ್ವನ ಬಳೆ, ಅವ್ವನ ಕಾಲುಂಗುರ. ದನಿಯೂ ಅವ್ವನದೇ, ಅಕ್ಕತಂಗಿಯರ ದನಿ ಒಂದೇ ಎರಕದ್ದಿತ್ತು. ನಾನು ಓಡಿ ಹೋಗಿ ತಬ್ಬಿಕೊಂಡೆ. ಆಮೇಲೆ, ನನ್ನ ಅಭ್ಯಾಸದಂತೆ, ಕಾಲು ನೋಡಿದೆ.

“ಅವ್ವನ ಕಾಲಲ್ಲಿ ಕಲೆ ಇತ್ತು,” ಅಂದೆ.

“ಆಸ್ಪತ್ರೇಲಿ ಮುಲಾಮು ಹಚ್ಚವ್ರೆ, ಮಾಯವಾಗೋಯ್ತು,” ಅಂದಳು ಅಜ್ಜಿ.

“ಇವಳು ಅವ್ವ ಅಲ್ಲ.”

“ನಿಮ್ಮಪ್ಪನ್ನೇ ಕಂಡು ವಾಡೆ ಹಿಂದೆ ಅವಿತ್ಕೊಂಡೋಳು ನೀನು. ನಿಂಗೆ ಯಾರ ಗುರ್ತು ತಾನೇ ಸಿಕ್ತದೆ ಹೇಳು?”

ನಿಜ ತಾನೆ? ಅಪ್ಪನ ಗುರುತು ಸಿಗದವಳಿಗೆ ಅವ್ವನ ಗುರುತು ಹೇಗೆ ಸಿಗಬೇಕು? ಆದರೂ ಅಂದೇ ಜಗುಲಿಯಲ್ಲಿ ಕಡ್ಡಿ ಕಟ್ಟಲು ಕೂತಾಗ ಅವಳು ಬಲತುದಿಯಿಂದ ಶುರುಮಾಡಿದಳು. ಅವ್ವ ಆ ಕಡೆಯಿಂದ ಕಟ್ಟುತ್ತಿದ್ದಳು ಎಂದು ನಾನು ಎಲೆ ಕೊಡದೆ ಸುಮ್ಮನೆ ಕೂತೆ. ಕೆಲಸದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಮಾರನೆಯ ದಿನದಿಂದ ಅವಳು ಎಡತುದಿಯಿಂದ, ಎಡಗೈಲಿ ಕಟ್ಟತೊಡಗಿದಳು. ದಾರ ಜಾರುತ್ತಿತ್ತು, ಎಲೆ ಉದುರುತ್ತಿದ್ದವು, ಎತ್ತಿದರೆ ಗಂಟು ಬಿಚ್ಚಿಕೊಳ್ಳುತ್ತಿತ್ತು. ಅಜ್ಜಿ ಪಕ್ಕದಲ್ಲೇ ಕೂತು, ಹಿಂಗೆ ಹಿಡಿ, ಹಿಂಗೆ ತಿರುಗಿಸು ಎಂದು ಹೇಳಿಕೊಡುವಳು. ಎಡಗೈಲಿ ಬಡಿಸಿದ್ದಕ್ಕೆ ಸೌಟಿನಲ್ಲಿ ಹೊಡೆದವಳು ಈಗ ಬಲಗೈ ಮುಂದೆ ಬಂದರೆ ಚಿವುಟುತ್ತಿದ್ದಳು. ಕಾಯಿಲೆ ಬಿದ್ದೆದ್ದ ಕೈ, ಸೋತಿದೆ ಎಂದು ನನಗೆ ಸಮಾಧಾನ ಹೇಳಿದರು. ಒಂದು ವಾರ ನಾನು ಅವಳು ಅವ್ವ ಅಲ್ಲ ಎಂದು ಹೇಳುತ್ತಲೇ ಇದ್ದೆ. ಪ್ರತಿ ಸಲವೂ ಅದೇ ವಾಡೆಯ ಮಾತು ಬರುತ್ತಿತ್ತು. ಎಂಟನೆಯ ದಿನ ಹೇಳುವುದನ್ನು ಬಿಟ್ಟೆ. ಅವಳಿಗೆ ಎಲೆ ಕೊಟ್ಟೆ.

ಚಿಕ್ಕವ್ವ ಎಲ್ಲಿ ಎಂದೂ ಒಮ್ಮೆ ಕೇಳಿದ್ದೆ. ಹಬ್ಬಕ್ಕೆ ಬರುತ್ತಿದ್ದ ಚಿಕ್ಕವ್ವ ನನ್ನ ಲೆಕ್ಕದಲ್ಲಿ ಕಾಲುಗೆಜ್ಜೆಯ ಸದ್ದು. ಅವಳಿಗೆ ಮದುವೆಯಾಗಿ ಗಂಡನ ಮನೆಗೆ ಹೋದಳು ಎಂದರು. ಆ ವರ್ಷ ನನಗೆ ಹೇಳಿದ್ದರಲ್ಲಿ ಅದೊಂದೇ ನಿಜ.

ಆಮೇಲಿನ ನಾಲ್ಕು ವರ್ಷ ನಾನು ಸುಖವಾಗಿದ್ದೆ. ಇದನ್ನು ಬರೆಯಲು ಕೈ ಮುಂದೆ ಬರುವುದಿಲ್ಲ, ಆದರೂ ಸುಳ್ಳು ಬರೆಯಬಾರದು. ಅವಳು ಶನಿವಾರಕ್ಕೊಮ್ಮೆ ಹರಳೆಣ್ಣೆ ಹಚ್ಚಿ ನೀರು ಹಾಕುವಳು. ಬಿಸಿ ಮುದ್ದೆ ಮುರಿದು, ಉಪ್ಪೆಸರಲ್ಲಿ ಅದ್ದಿ ತಿನ್ನಿಸುವಳು. ಬಂದವರ ಹೆಸರನ್ನು ಹಿಂದೆ ನಿಂತು ಮೆಲ್ಲಗೆ ಹೇಳಿಕೊಡುವುದನ್ನೂ ಕಲಿತಿದ್ದಳು, ಅದನ್ನು ಯಾರು ಹೇಳಿಕೊಟ್ಟರೋ ತಿಳಿಯದು. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಅವಳ ಎಡಗೈ ಯಾರಿಗೂ ಕಡಿಮೆಯಿಲ್ಲದಂತೆ ಓಡುತ್ತಿತ್ತು. ಹೆಸರಿನ ತೊಡಕೇ ಬರಲಿಲ್ಲ. ನಮ್ಮ ಕಡೆ ಸೊಸೆಯನ್ನು ಹೆಸರಿಟ್ಟು ಕರೆಯುವವರು ಯಾರು? ಅವ್ವನೂ ‘ರತ್ನಿ ಅವ್ವ’ ಆಗಿದ್ದಳು, ಇವಳೂ ‘ರತ್ನಿ ಅವ್ವ’. ಕೆಲಸದವರ ಬಾಯನ್ನು ಅಜ್ಜಿ ಕಟ್ಟಿದ್ದಳು. ಹೇಳಿದವರಿಗೆ ನಮ್ಮ ಹೊಲದಲ್ಲಿ ಕೆಲಸವಿಲ್ಲ. ಶಾಲೆಯಲ್ಲಿ ಮಾತ್ರ ಜಗಳವಾಡುವಾಗ ಒಬ್ಬ ಹುಡುಗಿ, ನಿಮ್ಮವ್ವ ಸತ್ತು ಮಣ್ಣಾಗಿ ಎಷ್ಟು ಕಾಲವಾಯಿತು ಎಂದಳು. ನಾನು ಸ್ಲೇಟಿನಲ್ಲಿ ಅವಳ ತಲೆಗೆ ಬಾರಿಸಿದೆ, ರಕ್ತ ಬಂತು. ಮೇಷ್ಟ್ರು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದರು. ಅಜ್ಜಿ ಒಂದು ಮೈಲಿ ನಡೆದು ಹೋಗಿ ಆ ಹುಡುಗಿಯ ಮನೆಯವರಿಗೆ ಬಾಯಿಗೆ ಬಂದಂತೆ ಬೈದು ಬಂದಳು. ನನ್ನ ಪರವಾಗಿ ಹೋಗಿದ್ದಾಳೆ ಎಂದು ನಾನು ಹೆಮ್ಮೆಪಟ್ಟೆ. ನಿಜ ಹೇಳಿದವಳ ತಲೆ ಒಡೆದವಳು ನಾನು. ಅವಳಲ್ಲಿ ಇನ್ನೂ ಕ್ಷಮೆ ಕೇಳಿಲ್ಲ. ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ.

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚಿಕೊಂಡಿತ್ತು. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡುಗೆ, ಜೊತೆಗೆ ಹೊಸ ಬಟ್ಟೆ. ತಾತನಿಗೆ ಪಂಚೆ. ಅದರ ಪಕ್ಕದಲ್ಲಿ ಒಂದು ಹಸಿರು ಸೀರೆ, ಹಸಿರು ಬಳೆ, ಕುಂಕುಮ. ಯಾರಿಗೆ ಎಂದರೆ ಮುತ್ತಜ್ಜಿಗೆ ಎನ್ನುತ್ತಿದ್ದರು. ಎಡೆಗೆ ಇಟ್ಟ ಬಟ್ಟೆಯನ್ನು ಆಮೇಲೆ ಮನೆಯವರು ಉಡುವುದು ವಾಡಿಕೆ. ಆ ಸೀರೆಯನ್ನು ಪ್ರತಿ ವರ್ಷ ಇವಳಿಗೆ ಉಡಿಸುತ್ತಿದ್ದರು, ಪ್ರತಿ ವರ್ಷ ಅದನ್ನು ಉಟ್ಟು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಕಾಣದ ಮುತ್ತಜ್ಜಿಗಾಗಿ ಇಷ್ಟು ಅಳುವ ಅವ್ವನನ್ನು ಕಂಡು ನನಗೆ ಆಶ್ಚರ್ಯವಾಗುತ್ತಿತ್ತು.

ನನಗೆ ಒಂಬತ್ತು ತುಂಬಿದ ಮಳೆಗಾಲದಲ್ಲಿ ಅಪ್ಪ ಮತ್ತೆ ಹಸು ತಂದ. ನಮ್ಮಲ್ಲಿ ಬೆಣ್ಣೆ ಸಿಗುತ್ತದೆಂದು ಯಾರೋ ಹೇಳಿರಬೇಕು, ಡೋಲ್ಮಾ ಬಂದಳು. ಹಸು ಮಾರಿದಂದಿನಿಂದ ಅವಳು ನಮ್ಮ ಕಡೆ ಕಾಲಿಟ್ಟಿರಲಿಲ್ಲ, ನಮ್ಮ ಮನೆಯ ಸಾವು ಅವಳಿಗೆ ಗೊತ್ತಿರಲಿಲ್ಲ. ಅವಳ ಬಾಯಿ ಕಟ್ಟಲು ಅಜ್ಜಿಗೆ ನೆನಪೂ ಆಗಿರಲಿಲ್ಲ. ಬೆಳಗಿನ ಹೊತ್ತು, ಜಗುಲಿ ತುಂಬ ಸೊಪ್ಪು. ನಾನು ಎಲೆ ಕೊಡುತ್ತಿದ್ದೆ. ದೂರದಿಂದ ಪಟ್ಟೆ ಬಟ್ಟೆ ಕಂಡು ನಾನೇ ಮೊದಲು ಕೂಗಿ ಕರೆದೆ. ಅವಳು ನಗುತ್ತಾ ಬಂದು, ಕಡ್ಡಿ ಕಟ್ಟುತ್ತಿದ್ದವಳ ಮುಂದೆ ನಿಂತಳು.

“ಬೆಣ್ಣೆ ಅಕ್ಕ ಎಲ್ಲಿ?” ಎಂದು ಅವಳನ್ನೇ ಕೇಳಿದಳು.

“ಇವಳೇ ಕಣವ್ವ,” ಅಂದಳು ಅಜ್ಜಿ.

ಡೋಲ್ಮಾ ಬಗ್ಗಿ ಇನ್ನೊಮ್ಮೆ ನೋಡಿದಳು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು, ನಗು ಇನ್ನೂ ಇತ್ತು.

“ಅಲ್ಲ,” ಅಂದಳು. “ಇದು ತಂಗಿ. ಮುಖ ಬೇರೆ.”

ಮುಖ ಬೇರೆ. ಎರಡು ಮಾತು. ಒಂದೇ ಅಚ್ಚು ಎಂದು ನಮ್ಮವರು ಆಡಿಕೊಳ್ಳುತ್ತಿದ್ದ ಜನರ ಒಬ್ಬ ಹೆಂಗಸು, ನಾಲ್ಕು ವರ್ಷದ ಹಿಂದೆ ಬೆಣ್ಣೆ ಕೊಟ್ಟವಳ ಮುಖವನ್ನೂ, ಹಬ್ಬಕ್ಕೆ ಬಂದಾಗ ಕಂಡಿದ್ದ ಅವಳ ತಂಗಿಯ ಮುಖವನ್ನೂ ನೆನಪಿಟ್ಟುಕೊಂಡು ಬಂದಿದ್ದಳು. ಕಡ್ಡಿ ಹಿಡಿದಿದ್ದ ಅವಳ ಎಡಗೈಯನ್ನು ನೋಡಿದೆ. ಅದು ನಿಂತಿತ್ತು. ಪಾದ ನೋಡಿದೆ. ಕಲೆಯಿಲ್ಲದ ಪಾದ ಸೀರೆಯ ಒಳಕ್ಕೆ ಸರಿಯಿತು. ಸುತ್ತ ಕೂತಿದ್ದ ಹೆಂಗಸರು ಒಬ್ಬರೂ ಅಚ್ಚರಿಪಡಲಿಲ್ಲ, ಎಲ್ಲರೂ ತಲೆ ತಗ್ಗಿಸಿದರು. ಅಷ್ಟು ಸಾಕಾಯಿತು ನನಗೆ. ಎಡೆಯ ಹಸಿರು ಸೀರೆ, ಬಳೆ, ಕುಂಕುಮ ಕಣ್ಣ ಮುಂದೆ ಬಂದವು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಬದುಕಿದ್ದಳೆಂದು ಎಲ್ಲರೂ ಹೇಳುತ್ತಿದ್ದ ಮುತ್ತಜ್ಜಿಗೆ ಯಾರು ಬಳೆ ಕುಂಕುಮ ಇಡುತ್ತಾರೆ? ಅವು ಮುತ್ತೈದೆಯಾಗಿ ಸತ್ತವಳದು.

ಅಪ್ಪ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತಿದ್ದ. ನಾನು ಓಡಿ ಹೋಗಿ, ಅವ್ವ ಯಾವಾಗ ಸತ್ತಳು ಎಂದು ಕೇಳಿದೆ. ಸುಳ್ಳು ಹೇಳುವುದು ಅಜ್ಜಿಯ ಕೆಲಸವಾಗಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ. ಸೌದೆ ಕೈಲಿ ಹಿಡಿದೇ ಎಲ್ಲವನ್ನೂ ಹೇಳಿದ. ಆಸ್ಪತ್ರೆಯ ಕೊನೆಯ ದಿನ ಅವ್ವ ನನ್ನ ಹೆಸರು ಹಿಡಿದು ಕೂಗಿದಳು ಎಂಬುದನ್ನೂ ಹೇಳಿದ.

“ನಿಂಗೋಸ್ಕರ ಮಾಡುದ್ದು ಕಣಮ್ಮಿ,” ಅಂದ. “ಅನ್ನ ಬುಟ್ಟಿದ್ದೆ ನೀನು. ಉಳೀತಿರ್ಲಿಲ್ಲ.”

“ನಾನು ಅವತ್ತೇ ಹೇಳಿದ್ನಲ್ಲಪ್ಪ, ಅವಳು ಅವ್ವ ಅಲ್ಲ ಅಂತ.”

ಹಿಂದೆಯೇ ಬಂದಿದ್ದ ಅಜ್ಜಿ ಅಪ್ಪನ ಬದಲಿಗೆ ಉತ್ತರ ಕೊಟ್ಟಳು. ಅವಳ ದನಿಯಲ್ಲಿ ತಪ್ಪು ಮಾಡಿದ ಸುಳಿವೇ ಇರಲಿಲ್ಲ.

“ನಿಂಗೆ ಗೊತ್ತಾಗಕಿಲ್ಲ ಅನ್ನೋ ಧೈರ್ಯದ ಮೇಲೇ ಮಾಡುದ್ವು. ಬ್ಯಾರೆ ಮಗ ಆಗಿದ್ರೆ ಆಯ್ತಿತ್ತಾ?”

ಐವತ್ತು ವರ್ಷ ಆಗುತ್ತಾ ಬಂತು, ಈ ಮಾತು ನನ್ನೊಳಗೆ ಹಾಗೇ ಕೂತಿದೆ. ಅವರು ಸುಳ್ಳು ಹೇಳಿದರೆಂಬುದಕ್ಕೆ ನನ್ನ ಸಿಟ್ಟಲ್ಲ. ಮಗುವಿಗೆ ಸಾವಿನ ಸುದ್ದಿ ಮುಚ್ಚಿಡುವವರು ಬೇಕಾದಷ್ಟು ಜನ. ನನ್ನ ಸಿಟ್ಟು ಬೇರೆ. ನನಗೆ ಅಂದು ಗೊತ್ತಾಗಿತ್ತು. ಮುಖ ಸಿಗದ ಹುಡುಗಿ ಕಾಲಿನಿಂದ, ಕೈಯಿಂದ, ಗಂಟಿನಿಂದ ತನ್ನ ತಾಯಿಯನ್ನು ಸರಿಯಾಗಿ ಗುರುತಿಸಿ, ಇವಳಲ್ಲ ಎಂದು ಏಳು ದಿನ ಹೇಳಿದ್ದಳು. ಆ ಗುರುತನ್ನೇ ಅವಳಿಂದ ಕಿತ್ತುಕೊಂಡರು. ನನ್ನಲ್ಲಿದ್ದ ಕೊರತೆಯನ್ನು ಹೊರಗಿನವರು ನಗೆಗೆ ಬಳಸಿದರು, ಮನೆಯವರು ಉಪಯೋಗಕ್ಕೆ ಬಳಸಿದರು. ಅವ್ವನಿಗಾಗಿ ಅಳಬೇಕಾದ ದಿನಗಳಲ್ಲಿ ನಾನು ಅವಳ ಸೀರೆ ಉಟ್ಟವಳ ತೊಡೆಯ ಮೇಲೆ ಮಲಗಿ ನಗುತ್ತಿದ್ದೆ. ಒಂಬತ್ತನೆಯ ವಯಸ್ಸಿನಲ್ಲಿ ಅಳಲು ಕೂತರೆ ಮನೆಯಲ್ಲಿ ಎಲ್ಲರೂ ಅತ್ತು ಮುಗಿಸಿದ್ದರು. ಜೊತೆಗೆ ಅಳಲು ಯಾರೂ ಇರಲಿಲ್ಲ.

ಅಂದು ಸಂಜೆ ಅವಳು ನನ್ನ ಹತ್ತಿರ ಬಂದಳು. ನಾನು ವಾಡೆಯ ಹಿಂದೆ ಕೂತಿದ್ದೆ, ಹಳೆಯ ಜಾಗದಲ್ಲೇ. ಅವಳು ಈಚೆ ಕಡೆ ಕೂತು, ನನ್ನ ಮುಖ ನೋಡದೆ ಮಾತಾಡಿದಳು.

“ನಂಗೂ ಹದಿನೆಂಟು ಕಣಮ್ಮಿ ಆಗ. ಗೆಜ್ಜೆ ಬಿಚ್ಸುದ್ರು, ಕೈ ಬದ್ಲಾಯ್ಸುದ್ರು. ನೀನು ಅವ್ವ ಅಂತ ಕೂಗ್ದೆ, ನಾನು ಓ ಅಂದೆ. ಆಮೇಲೆ ಅಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ.”

“ಹೋಗು ಚಿಕ್ಕವ್ವ,” ಅಂದೆ. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಎದ್ದು ಹೋದಳು. ಆ ಮಾತು ಅವಳಿಗೆ ಎಷ್ಟು ತಾಗಿತು ಎಂದು ಅವಳ ಮುಖ ನೋಡಿ ತಿಳಿಯುವ ಶಕ್ತಿ ನನಗಿದ್ದಿದ್ದರೆ ವಾಪಸ್ಸು ಕರೆಯುತ್ತಿದ್ದೆನೋ ಏನೋ. ನಡಿಗೆಯಿಂದ ತಿಳಿಯಿತು, ಆದರೂ ಕರೆಯಲಿಲ್ಲ. ಮಾರನೆಯ ದಿನ ಜಗುಲಿಯಲ್ಲಿ, ಇನ್ನು ನಿನ್ನ ಕೈಲೇ ಕಟ್ಟು ಎಂದು ನಿಷ್ಠುರವಾಗಿ ಹೇಳಿದೆ. ಅವಳು ಬಲತುದಿಗೆ ಸರಿದು ಕೂತು ಬಲಗೈಲಿ ದಾರ ಹಿಡಿದಳು. ನಾಲ್ಕು ಎಲೆ ಕಟ್ಟುವಷ್ಟರಲ್ಲಿ ಗಂಟು ಬಿಚ್ಚಿತು. ಎರಡನೆಯ ಸಲವೂ ಬಿಚ್ಚಿತು. ಕೈಗೆ ತನ್ನ ಕೆಲಸ ಮರೆತುಹೋಗಿತ್ತು. ಅವಳು ಮತ್ತೆ ಎಡತುದಿಗೆ ಬಂದು ಕೂತಳು. ನಾನು ಆ ಸುಗ್ಗಿಯಲ್ಲಿ ಅವಳಿಗೆ ಎಲೆ ಕೊಡಲಿಲ್ಲ, ಬೇರೆಯವರಿಗೆ ಕೊಟ್ಟೆ. ಅವಳಿಗೆ ಮಕ್ಕಳಾಗಲಿಲ್ಲ.

ನಾನು ಮುಂದೆ ಹುಣಸೂರಿನಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡೆ. ಹೊಲಿಗೆ ನನಗೆ ಸರಿಯಾದ ಕಸುಬು. ಗಿರಾಕಿಗಳ ಮುಖ ನೆನಪಿರದಿದ್ದರೂ ಹೆಗಲ ಇಳಿಜಾರು, ತೋಳಿನ ಸುತ್ತಳತೆ ಮರೆಯುವುದಿಲ್ಲ. ಆದರೆ ಅಜ್ಜಿ ಕಲಿಸಿದ ಪಾಠ ಮಾತ್ರ ಮೈಗೆ ಅಂಟಿಕೊಂಡುಬಿಟ್ಟಿದೆ. ಯಾರಾದರೂ ಬಂದು ನಾನು ಇಂಥವಳು ಎಂದರೆ ಸಾಕು, ನನ್ನ ಮನಸ್ಸು ಅಲ್ಲ ಎಂದು ಕೂಗುತ್ತಿದ್ದರೂ ಹೌದು ಎಂದುಬಿಡುತ್ತೇನೆ. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹೆಂಗಸೊಬ್ಬಳು ನಾವಿಬ್ಬರೂ ಒಟ್ಟಿಗೆ ಓದಿದವರು ಎಂದಳು. ಮನೆಗೆ ಕರೆತಂದು ಊಟ ಹಾಕಿ, ಎರಡು ಗಂಟೆ ಹಳೆಯ ದಿನಗಳ ಮಾತಾಡಿದ ಮೇಲೆ ಅವಳು ಹುಡುಕುತ್ತಿದ್ದ ರತ್ನ ಕೆ.ಆರ್. ನಗರದವಳೆಂದು ತಿಳಿಯಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವಳು ಹೋದ ಮೇಲೆ ನನಗೆ ನಗು ಬರಲಿಲ್ಲ.

ಅಜ್ಜಿ ಹೋದಳು, ಅಪ್ಪನೂ ಹೋದ. ಹೊಲದ ಮನೆ ಈಗ ಇನ್ಯಾರದೋ. ಚಿಕ್ಕವ್ವ ನನ್ನ ಜೊತೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾಳೆ, ಎಪ್ಪತ್ತು ದಾಟಿದೆ. ಕಾಜಾ ಹೊಲಿದು ಕೊಡುತ್ತಾಳೆ, ಎಡಗೈಯಲ್ಲೇ. ನಾನು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಆದರೆ ಅವ್ವ ಎಂದು ಮತ್ತೆ ಕರೆದಿಲ್ಲ. ಹೋದ ವರ್ಷ ಕೋಟೆ ಕಡೆಯ ಸೋದರಮಾವನ ಹಳೆಯ ಮನೆ ಬಿಚ್ಚುವಾಗ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತೆಂದು ಮಾವನ ಮಗ ತಂದು ಕೊಟ್ಟ. ಸ್ಟುಡಿಯೋದಲ್ಲಿ ತೆಗೆಸಿದ್ದು. ಅಕ್ಕತಂಗಿ ಇಬ್ಬರೇ, ಒಂದೇ ಥರದ ಸೀರೆ, ಒಂದೇ ಥರದ ಜಡೆ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಎದೆಯ ಮಟ್ಟಕ್ಕೆ ಫೋಟೋ ಮುಗಿದುಹೋಗಿದೆ. ಕೈಯೂ ಇಲ್ಲ, ಕಾಲೂ ಇಲ್ಲ. ನನಗೆ ಬೇಕಾದದ್ದೆಲ್ಲ ಚೌಕಟ್ಟಿನ ಕೆಳಗೆ ಉಳಿದಿದೆ, ನನಗೆ ಬೇಡದ ಎರಡು ಮುಖ ಮಾತ್ರ ಇದೆ. ನನ್ನ ಅವ್ವನದೆಂದು ಜಗತ್ತಿನಲ್ಲಿರುವ ಫೋಟೋ ಇದೊಂದೇ. ಅವಳು ಯಾರು ಎಂದು ಹೇಳಬಲ್ಲವಳು ಈಗ ಚಿಕ್ಕವ್ವ ಒಬ್ಬಳೇ.

ಒಂದು ತಿಂಗಳು ಕೇಳಲಿಲ್ಲ. ಆಮೇಲೊಂದು ಮಧ್ಯಾಹ್ನ ಊಟವಾದ ಮೇಲೆ ಅವಳ ಮುಂದೆ ಇಟ್ಟು ಕೇಳಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು. ಸೆರಗಿನಿಂದ ಒರೆಸಿದಳು. ಎಡಗೈಯ ತೋರುಬೆರಳನ್ನು ಬಲಗಡೆಯ ಹುಡುಗಿಯ ಮೇಲೆ ಇಟ್ಟಳು.

“ಇವ್ಳೇ ನಿಮ್ಮವ್ವ.”

“ನಿಜವಾ ಚಿಕ್ಕವ್ವ?”

“ಇನ್ನೊಂದ್ ಸಲ ಸುಳ್ಳೇಳಿ ನಾನೆಲ್ಲಿಗೋಗ್ಲಿ ಅಮ್ಮಿ?”

ದನಿಯಲ್ಲಿ ಸುಳ್ಳು ಕೇಳಿಸಲಿಲ್ಲ. ಜಗುಲಿಯ ಮೇಲೆ ಹಸಿರು ಸೀರೆ ಉಟ್ಟು ಕೂತಿದ್ದ ಬೆಳಿಗ್ಗೆಯೂ ಕೇಳಿಸಿರಲಿಲ್ಲ. ಫೋಟೋ ತಿರುಗಿಸಿ, ಬೆನ್ನ ಮೇಲೆ ‘ಬಲಗಡೆ ಅವ್ವ’ ಎಂದು ಬರೆದುಕೊಂಡೆ. ಮೇಜಿನ ಮೇಲೆ ಪೆನ್ನೂ ಇತ್ತು. ನಾನು ಬರೆದದ್ದು ಪೆನ್ಸಿಲಿನಲ್ಲಿ.